ಆರೈಕೆ ಮಾಡುವವರಿಗೂ ಆಸರೆ ಬೇಕು



ಮನೆಯಲ್ಲಿ ಒಬ್ಬರಿಗೆ ಖಿನ್ನತೆ ಅಥವಾ ಆತಂಕದ ಕಾಯಿಲೆ ಬಂದರೆ ಅದರ ಭಾರ ಹೊರುವವರು ಇನ್ನೊಬ್ಬರು. ಹೆಚ್ಚಾಗಿ ಅವರು ತಾಯಿ, ಹೆಂಡತಿ ಅಥವಾ ಸೊಸೆ. ಮಾತ್ರೆ ನೆನಪಿಸಬೇಕು, ಊಟಕ್ಕೆ ಎಬ್ಬಿಸಬೇಕು, ನಡುರಾತ್ರಿ ಎದ್ದು ನೋಡಬೇಕು. ನೆಂಟರು ವಿಚಾರಿಸಿದರೆ ‘ಸ್ವಲ್ಪ ನಿಶ್ಶಕ್ತಿ, ಅಷ್ಟೆ’ ಎಂದು ಮುಚ್ಚಿಡಬೇಕು. ಹೀಗೆ ತಿಂಗಳುಗಟ್ಟಲೆ ನಡೆದರೆ ಅವರ ನಿದ್ದೆ, ಆರೋಗ್ಯ, ತಾಳ್ಮೆ ಎಲ್ಲವೂ ಸವೆಯುತ್ತವೆ. ಸೇತುವೆಯ ಭಾರವನ್ನೆಲ್ಲ ಒಂದೇ ಕಂಬದ ಮೇಲೆ ಯಾವ ಎಂಜಿನಿಯರನೂ ಹಾಕುವುದಿಲ್ಲ. ನಮ್ಮ ಮನೆಗಳಲ್ಲಿ ನಾವು ಅದನ್ನೇ ಮಾಡುತ್ತಿದ್ದೇವೆ.

ಇಂಥ ಮನೆಗಳು ಅಪರೂಪವಲ್ಲ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು ಹತ್ತು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಸಿಗದ ಚಿಕಿತ್ಸೆಯ ಹೊರೆಯೂ ಮನೆಯವರ ಹೆಗಲಿಗೇ ಬೀಳುತ್ತದೆ.

ಈಗ ಒಂದು ದಾರಿ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಆರಂಭಿಸಿತು. ಇದರ ಕೇಂದ್ರಸ್ಥಾನ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ತರಬೇತಾದ ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ, ಅಗತ್ಯವಿದ್ದರೆ ತಜ್ಞರ ಬಳಿಗೆ ಕಳಿಸುತ್ತಾರೆ. ಬಹಳ ಜನರಿಗೆ ತಿಳಿಯದ ಸಂಗತಿಯೆಂದರೆ, ಕರೆ ಮಾಡುವವರು ರೋಗಿಯೇ ಆಗಿರಬೇಕಿಲ್ಲ. ಆರೈಕೆ ಮಾಡುವವರೂ ತಮ್ಮ ದಣಿವನ್ನು ಹೇಳಿಕೊಳ್ಳಬಹುದು, ಸಂದೇಹ ಕೇಳಬಹುದು.

ಕೇಳಬೇಕಾದ ಸಂದೇಹಗಳು ಅನೇಕ. ಖಿನ್ನತೆಯ ಮಾತ್ರೆ ಗುಣ ತೋರಲು ಕೆಲವು ವಾರ ಬೇಕು. ಇದು ತಿಳಿಯದೆ ಹತ್ತೇ ದಿನಕ್ಕೆ ‘ಔಷಧ ಹತ್ತಲಿಲ್ಲ’ ಎಂದು ನಿಲ್ಲಿಸುವವರಿದ್ದಾರೆ. ಸ್ವಲ್ಪ ಗುಣವಾದೊಡನೆ ವೈದ್ಯರನ್ನು ಕೇಳದೆ ಬಿಡುವವರೂ ಇದ್ದಾರೆ. ‘ಧೈರ್ಯ ತಂದುಕೋ’ ಎಂಬ ಉಪದೇಶಕ್ಕಿಂತ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವುದು ಹೆಚ್ಚು ನೆರವಾಗುತ್ತದೆ. ಸಾಯುವ ಮಾತು ಬಂದರೆ ಅದನ್ನು ಲಘುವಾಗಿ ಕಾಣಬಾರದು. ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅಂಥವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕವನ್ನು ಕೂಡಲೇ ದೂರ ಸಾಗಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲವೂ ಮೊಬೈಲಿನಲ್ಲೇ ಬಗೆಹರಿಯುತ್ತದೆ ಎಂದಲ್ಲ. ವಾಟ್ಸಾಪಿನಲ್ಲಿ ಬಂದ ಔಷಧಿಯನ್ನು ನಂಬಬೇಡಿ, ರೋಗಿಯ ಹೆಸರು, ಫೋಟೊ ಹಂಚಬೇಡಿ. ಅಲ್ಲದೆ ರಾತ್ರಿಯೆಲ್ಲ ಎಚ್ಚರವಿದ್ದ ತಾಯಿಗೆ ಬದಲಾಗಿ ಫೋನು ಮಗನ ಪಕ್ಕ ಕೂರಲಾರದು. ಅದು ನಮ್ಮ ನಿಮ್ಮ ಕೆಲಸ.

ಆದ್ದರಿಂದ ಒಂದು ವಿನಂತಿ. ಪ್ರತಿ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ 14416 ಸಂಖ್ಯೆಯನ್ನು ಓದಿ ಹೇಳಿ, ಪ್ರಸಾದ ನಿಲಯದ ಗೋಡೆಯ ಮೇಲೆ ಬರೆಯಿಸಿ. ನಿಮ್ಮ ಓಣಿಯಲ್ಲಿ ಇಂಥ ಮನೆಯಿದ್ದರೆ ವಾರಕ್ಕೆ ಎರಡು ಗಂಟೆ ಹೋಗಿ ಕುಳಿತು, ಆ ತಾಯಿ ಮಲಗಲು ಬಿಡುವು ಮಾಡಿಕೊಡಿ. ಗ್ರಹಚಾರ, ಪೂರ್ವಜನ್ಮದ ಕರ್ಮ ಎಂಬ ಮಾತನ್ನು ಮಾತ್ರ ಆ ಮನೆಯಲ್ಲಿ ಆಡಬೇಡಿ. ನೊಂದವರನ್ನು ಅದು ಇನ್ನಷ್ಟು ನೋಯಿಸುತ್ತದೆ, ಚಿಕಿತ್ಸೆಯನ್ನೂ ತಡಮಾಡುತ್ತದೆ.