ಹಂಚುವ ಮೊದಲೇ ಸವೆಯುವ ಪಾಲು

2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿಗಳೂ ಸಚಿವರೂ ಶಾಸಕರೂ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಮರುದಿನ ಅದೇ ಜಾಗಕ್ಕೆ ಕೇರಳದವರು ಬಂದರು. ಅಂದು ಮೊಳಗಿದ ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ ಹೊರನಾಡ ಕನ್ನಡಿಗರಾದ ನಮ್ಮ ಮಾತುಕತೆಗಳಲ್ಲೂ ನೆಲೆಯೂರಿದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು 14ನೆಯ ಹಣಕಾಸು ಆಯೋಗ ಶೇ. 4.713 ಎಂದು ನಿಗದಿಪಡಿಸಿತ್ತು. 15ನೆಯ ಆಯೋಗ ಅದನ್ನು ಶೇ. 3.647ಕ್ಕೆ ಇಳಿಸಿತು. ಈ ಇಳಿಕೆಯಿಂದ ನೋವಾಗುವುದು ಸಹಜ. ಆದರೆ ಆ ನೋವು ತಪ್ಪು ವಿಳಾಸವನ್ನು ಹುಡುಕಿಕೊಂಡು ಹೋಗುತ್ತಿದೆ ಎಂಬುದು ನಮ್ಮ ಅನಿಸಿಕೆ.

ತೆರಿಗೆ ಹಂಚಿಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಸಂವಿಧಾನದ 280ನೆಯ ವಿಧಿಯಂತೆ ಐದು ವರ್ಷಗಳಿಗೊಮ್ಮೆ ರಚನೆಯಾಗುವ ಹಣಕಾಸು ಆಯೋಗ ಮೊದಲಿಗೆ ಕೇಂದ್ರದ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಎಷ್ಟು ಪಾಲು ಎಂಬುದನ್ನು ಹೇಳುತ್ತದೆ. ಆಮೇಲೆ ಆ ಪಾಲಿನಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂಬುದನ್ನು ಹೇಳುತ್ತದೆ. ನಮ್ಮ ಜಗಳವೆಲ್ಲ ಎರಡನೆಯ ಹಂತದ ಮೇಲೆ: ಬಿಹಾರಕ್ಕೆ ಅಷ್ಟೇಕೆ, ಉತ್ತರ ಪ್ರದೇಶಕ್ಕೆ ಇಷ್ಟೇಕೆ?

ಹೊರನಾಡಿನಲ್ಲಿ ಬದುಕುವ ನಾವಾದರೂ ಈ ಪ್ರಶ್ನೆಯನ್ನು ಎಚ್ಚರದಿಂದ ಕೇಳಬೇಕು. ಹುಬ್ಬಳ್ಳಿಯ ಗಿರಾಕಿ ಕೊಂಡ ಸಾಬೂನಿನ ಲಾಭದ ಮೇಲಿನ ತೆರಿಗೆ, ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿದ್ದರೆ, ಮುಂಬಯಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಓದಿ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುವ ನಮ್ಮ ಆದಾಯ ತೆರಿಗೆಯೂ ಹಾಗೆಯೇ. ಪಾಟ್ನಾದಲ್ಲಿ ಕಲಿತ ಎಂಜಿನಿಯರನ ತೆರಿಗೆ ಬೆಂಗಳೂರಿನ ಹೆಸರಿನಲ್ಲಿ ಎಣಿಕೆಯಾಗುತ್ತದೆ. ಹಾಗಿರುವಾಗ ಯಾವ ರೂಪಾಯಿ ಯಾವ ರಾಜ್ಯದ್ದೆಂದು ಗೆರೆ ಎಳೆಯುವುದು ಹೇಗೆ? 15ನೆಯ ಆಯೋಗ ತಲಾ ಆದಾಯದ ಅಂತರಕ್ಕೆ ಶೇ. 45ರಷ್ಟು ತೂಕ ಕೊಟ್ಟದ್ದು ಅತಿಯಾಯಿತೆಂದು ವಾದಿಸಬಹುದು. 1971ರ ಬದಲು 2011ರ ಜನಗಣತಿಯನ್ನು ಆಧರಿಸಿದ್ದು ಕುಟುಂಬ ಯೋಜನೆಯನ್ನು ನಿಷ್ಠೆಯಿಂದ ಪಾಲಿಸಿದ ರಾಜ್ಯಗಳಿಗೆ ನಷ್ಟವೆಂದೂ, ಜನಸಂಖ್ಯೆಯ ಸಾಧನೆಗೆ ಕೊಟ್ಟ ಶೇ. 12.5ರ ತೂಕ ಅದಕ್ಕೆ ಸಾಕಾದ ಪರಿಹಾರವಲ್ಲವೆಂದೂ ವಾದಿಸಬಹುದು. ಇವು ನ್ಯಾಯವಾದ ಚರ್ಚೆಗಳು. ಆದರೆ ಬಡ ರಾಜ್ಯಕ್ಕೆ ಹೆಚ್ಚು ಸಲ್ಲಬೇಕೆಂಬ ತತ್ತ್ವವನ್ನೇ ಅಲ್ಲಗಳೆದರೆ, ನಾಳೆ ಬೆಂಗಳೂರು ಕಲಬುರಗಿಗೆ ಅದೇ ಮಾತು ಹೇಳಬಹುದು.

ನಮ್ಮ ಕಣ್ಣಿಗೆ ಬೀಳದೆ ಉಳಿದಿರುವುದು ಮೊದಲ ಹಂತ. 15ನೆಯ ಆಯೋಗ ರಾಜ್ಯಗಳಿಗೆ ಕೊಟ್ಟದ್ದು ಶೇ. 41. ಆದರೆ ಯಾವುದರ ಶೇ. 41? ಸೆಸ್ ಮತ್ತು ಸರ್‌ಚಾರ್ಜ್‌ಗಳು ಹಂಚಿಕೆಯ ನಿಧಿಗೆ ಸೇರುವುದೇ ಇಲ್ಲ. 2000ದ 80ನೆಯ ತಿದ್ದುಪಡಿ ಕೇಂದ್ರದ ತೆರಿಗೆಗಳನ್ನು ಹಂಚಿಕೆಗೆ ತೆರೆದಿಟ್ಟಾಗಲೂ ಇವೆರಡನ್ನು ಹೊರಗಿಟ್ಟಿತು. 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆಯ ಹತ್ತನೆಯ ಒಂದು ಭಾಗದಷ್ಟಿದ್ದ ಇವು ಒಂದೇ ದಶಕದಲ್ಲಿ ಸುಮಾರು ಐದನೆಯ ಒಂದು ಭಾಗಕ್ಕೆ ಬೆಳೆದವು. ನೂರು ರೂಪಾಯಿಯಲ್ಲಿ ಇಪ್ಪತ್ತನ್ನು ಮೊದಲೇ ಎತ್ತಿಟ್ಟು, ಉಳಿದ ಎಂಬತ್ತರ ಶೇ. 41 ಕೊಟ್ಟರೆ ಕೈಗೆ ಬರುವುದು ಮೂವತ್ತಮೂರಕ್ಕಿಂತ ತುಸು ಕಡಿಮೆ.

ಪೆಟ್ರೋಲಿನ ಉದಾಹರಣೆಯನ್ನೇ ನೋಡೋಣ. 2021ರ ಫೆಬ್ರವರಿಯ ಕೇಂದ್ರ ಮುಂಗಡಪತ್ರ ಲೀಟರಿಗೆ 2.50 ರೂಪಾಯಿಯ ಕೃಷಿ ಮೂಲಸೌಕರ್ಯ ಸೆಸ್ ವಿಧಿಸಿ, ಇತರ ಸುಂಕಗಳನ್ನು ಹೆಚ್ಚುಕಡಿಮೆ ಅಷ್ಟೇ ಇಳಿಸಿತು. ಬಂಕಿನಲ್ಲಿ ದರ ಬದಲಾಗದ ಕಾರಣ ನಮ್ಮಲ್ಲಿ ಬಹುಮಂದಿ ಗಮನಿಸಲೂ ಇಲ್ಲ. ಆಗ ಲೀಟರಿಗೆ ಕೇಂದ್ರ ಪಡೆಯುತ್ತಿದ್ದ ಸುಂಕ ಒಟ್ಟು 32.90 ರೂಪಾಯಿ. ಅದರಲ್ಲಿ ಹಂಚಿಕೆಗೆ ಒಳಪಟ್ಟ ಮೂಲ ಅಬಕಾರಿ ಸುಂಕ 2.98ರಿಂದ 1.40 ರೂಪಾಯಿಗೆ ಇಳಿಯಿತು. ಅದರ ಶೇ. 41 ಎಂದರೆ ಎಲ್ಲ ರಾಜ್ಯಗಳಿಗೂ ಸೇರಿ 57 ಪೈಸೆ. ಇಲ್ಲಿ ಕರ್ನಾಟಕಕ್ಕೂ ಬಿಹಾರಕ್ಕೂ ಆದ ನಷ್ಟ ಒಂದೇ ಬಗೆಯದು.

ಕೇಂದ್ರ ಸರ್ಕಾರದ ಸಂಬಳದಲ್ಲಿ ಬದುಕುವ ನಮ್ಮಂಥವರಿಗೆ ಇನ್ನೊಂದು ಪಕ್ಷದ ವಾದವೂ ಗೊತ್ತು. ರಕ್ಷಣೆ, ಸಾಲದ ಬಡ್ಡಿ, ಪಿಂಚಣಿಗಳ ಹೊರೆ ಸಣ್ಣದಲ್ಲ. 14ನೆಯ ಆಯೋಗ ರಾಜ್ಯಗಳ ಪಾಲನ್ನು ಶೇ. 32ರಿಂದ 42ಕ್ಕೆ ಏರಿಸಿದಾಗ ಕೇಂದ್ರದ ಕೈ ಬಿಗಿಯಾದದ್ದೂ ನಿಜ. ಆದರೂ 15ನೆಯ ಆಯೋಗದ ವರದಿಯೇ ಹೇಳುವಂತೆ 2018-19ರಲ್ಲಿ ಸರ್ಕಾರಗಳ ಒಟ್ಟು ಸಂಪನ್ಮೂಲದ ಶೇ. 62.7 ಕೇಂದ್ರ ಸಂಗ್ರಹಿಸಿದ್ದು. ಒಟ್ಟು ವೆಚ್ಚದ ಶೇ. 62.4 ರಾಜ್ಯಗಳು ಮಾಡಿದ್ದು. ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆಗಳನ್ನು ನಡೆಸುವವರು ರಾಜ್ಯದವರು. ಮೇಲಾಗಿ ಸೆಸ್ ಎಂಬುದು ಒಂದು ಗೊತ್ತಾದ ಉದ್ದೇಶಕ್ಕಾಗಿ ಎತ್ತುವ ಹಣ. 2018-19ರಲ್ಲಿ ಅದರ ದೊಡ್ಡ ಮೊತ್ತವೊಂದು ಆಯಾ ಮೀಸಲು ನಿಧಿಗಳಿಗೆ ವರ್ಗವಾಗಲೇ ಇಲ್ಲವೆಂದು ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿದೆ.

ರಾಜ್ಯಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ದೆಹಲಿಯಲ್ಲಿ ಅಧಿಕಾರ ವಿಕೇಂದ್ರೀಕರಣದ ಪಾಠ ಹೇಳುವವರು ತಮ್ಮ ಪಂಚಾಯಿತಿ, ನಗರಪಾಲಿಕೆಗಳ ಎದುರು ತಾವೇ ದೆಹಲಿಯಾಗುತ್ತಾರೆ. ಬೆಂಗಳೂರಿನ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಆದ್ದರಿಂದ ಬಿಹಾರದ ಪಾಲನ್ನು ಕಸಿಯಿರಿ ಎಂದು ನಾವು ಕೇಳಬೇಕಾಗಿಲ್ಲ. ಒಟ್ಟು ತೆರಿಗೆಯಲ್ಲಿ ಸೆಸ್, ಸರ್‌ಚಾರ್ಜ್‌ಗಳು ಇಷ್ಟನ್ನು ಮೀರಕೂಡದೆಂಬ ಮಿತಿ ಬೇಕು. ಮೀರಿದ್ದು ಹಂಚಿಕೆಯ ನಿಧಿಗೆ ಸೇರಬೇಕು. ಪ್ರತಿ ಸೆಸ್‌ಗೂ ಕೊನೆಯ ದಿನಾಂಕ ಇರಬೇಕು. 2016ರ ಜುಲೈ ನಂತರ ವರ್ಷಗಟ್ಟಲೆ ಸಭೆ ಸೇರದ ಅಂತರರಾಜ್ಯ ಮಂಡಳಿ ನಿಯಮಿತವಾಗಿ ಸೇರಬೇಕು. ಈ ಬೇಡಿಕೆಗಳಿಗೆ ಪಾಟ್ನಾವೂ ಸಹಿ ಹಾಕಬಹುದು, ಚೆನ್ನೈಯೂ ಹಾಕಬಹುದು. ‘ನನ್ನ ತೆರಿಗೆ’ ಎಂದಾಗ ರಾಜ್ಯಗಳು ಒಂದರ ಎದುರು ಒಂದು ನಿಲ್ಲುತ್ತವೆ. ‘ನಮ್ಮೆಲ್ಲರ ಪಾಲು’ ಎಂದರೆ ಒಂದರ ಪಕ್ಕ ಒಂದು ನಿಲ್ಲಬಹುದು. ಎರಡು ಊರುಗಳ ಅನ್ನ ಉಂಡ ನಾವು ಈ ಎರಡನೆಯ ಮಾತನ್ನು ಮೊದಲು ಆಡಬೇಕಾದವರು.