ಡ್ರೈಯರಿನಲ್ಲಿ ಬೇರೇನು ಒಣಗಿಸಿದ್ದೀರಿ?

ನಮ್ಮೂರಿನ ಏಳು ಮಂದಿ ತೆಂಗು ಬೆಳೆಗಾರರು ಸೇರಿ ಒಂದು ಪುಟ್ಟ ಎಣ್ಣೆ ಘಟಕ ನಡೆಸುತ್ತಿದ್ದೇವೆ. ಕಳೆದ ವರ್ಷ ಹೊರದೇಶಕ್ಕೆ ಮಾಲು ಕಳಿಸುವ ವ್ಯಾಪಾರಿಯೊಬ್ಬರಿಂದ ಪ್ರಶ್ನೆಪಟ್ಟಿ ಬಂತು. ತೇವಾಂಶ ಎಷ್ಟು, ತಿಂಗಳಿಗೆ ಎಷ್ಟು ಕೊಡಬಲ್ಲಿರಿ, ದರ ಏನು - ಇವೆಲ್ಲ ನಾವು ಎಣಿಸಿದ್ದೇ. ಕೊನೆಯಲ್ಲಿ ಇನ್ನೆರಡಿದ್ದವು: “ಕೋಷರ್ ಸರ್ಟಿಫಿಕೇಟ್ ಇದೆಯೇ? ಕೊಬ್ಬರಿಯ ಡ್ರೈಯರಿನಲ್ಲಿ ಬೇರೇನು ಒಣಗಿಸುತ್ತೀರಿ?”

ಮೊದಲನೆಯದು ನಮಗೆ ಯಾರಿಗೂ ಅರ್ಥ ಆಗಲಿಲ್ಲ. ಎರಡನೆಯದು ಚೆನ್ನಾಗಿಯೇ ಅರ್ಥ ಆಯ್ತು. ಕೆಲಸ ಇಲ್ಲದ ದಿನಗಳಲ್ಲಿ ಡ್ರೈಯರನ್ನು ಬಾಡಿಗೆಗೆ ಕೊಡುತ್ತೇವೆ. ಬಾಳೆಹಣ್ಣು, ಹಲಸಿನ ಸೊಳೆ ತರುವವರು ಇದ್ದಾರೆ. ಮಳೆಗಾಲದಲ್ಲಿ ಒಬ್ಬರು ಸಿಗಡಿ ಒಣಗಿಸಿಕೊಂಡು ಹೋದದ್ದೂ ಉಂಟು. ಬಾಡಿಗೆ ಸರಿಯಾಗಿ ಕೊಟ್ಟಿದ್ದರು.

“ತೊಳೆದಾಗಿದೆಯಲ್ಲ, ಅದನ್ನೆಲ್ಲ ಬರೀಬೇಕಾ?” ಅಂದರು ಒಬ್ಬರು. “ಯಾರದೋ ದೇವರ ಕಟ್ಟಳೆಗೆ ನಾವ್ಯಾಕೆ ಕೈಕಟ್ಟಿ ನಿಲ್ಲಬೇಕು?” ಅಂದರು ಇನ್ನೊಬ್ಬರು. ಎರಡು ಮೀಟಿಂಗು ಇದರಲ್ಲೇ ಮುಗಿದವು. ಅಷ್ಟರಲ್ಲಿ ನಾನು ಈ ಕೋಷರ್ ಅಂದರೆ ಏನೆಂದು ಓದಿ, ಕೇಳಿ ತಿಳಿದುಕೊಂಡೆ. ನಮ್ಮಂಥ ಸಣ್ಣ ಗುಂಪುಗಳಿಗೆ ಇಂದಲ್ಲ ನಾಳೆ ಈ ಪ್ರಶ್ನೆ ಬರುವಂಥದ್ದೇ. ಹಾಗಾಗಿ ಬರೆಯುತ್ತಿದ್ದೇನೆ.

ಕೋಷರ್ ಎಂದರೆ

ಹೀಬ್ರೂ ಭಾಷೆಯ ಆ ಪದಕ್ಕೆ ‘ತಕ್ಕದ್ದು’ ಎಂದು ಅರ್ಥ. ಯಹೂದಿಗಳ ಊಟದ ಕಟ್ಟಳೆ ಅದು. ಮೆಲುಕು ಹಾಕುವ, ಗೊರಸು ಸೀಳಿರುವ ಪ್ರಾಣಿಯ ಮಾಂಸವಷ್ಟೇ ತಿನ್ನಬಹುದು. ದನ, ಆಡು, ಕುರಿ ಆಗುತ್ತದೆ. ಹಂದಿಗೆ ಗೊರಸು ಸೀಳಿದ್ದರೂ ಮೆಲುಕಿಲ್ಲ, ಹಾಗಾಗಿ ಆಗದು. ಮೀನಿಗೆ ರೆಕ್ಕೆ, ಹುರುಪೆ ಎರಡೂ ಇರಬೇಕು. ನಮ್ಮ ಬಂಗುಡೆ, ಬೂತಾಯಿ ಪಾಸು. ಸಿಗಡಿ, ಏಡಿ ಫೇಲು. ರಕ್ತ ನಿಷಿದ್ಧ. ಮಾಂಸವನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒಂದು ಗಂಟೆ ಉಪ್ಪು ಹಚ್ಚಿಟ್ಟು ರಕ್ತ ಇಳಿಸುತ್ತಾರೆ. ಹುಳುವೂ ನಿಷಿದ್ಧ. ಸೊಪ್ಪು, ಹೂಕೋಸುಗಳನ್ನು ಬೆಳಕಿಗೆ ಹಿಡಿದು ನೋಡುವ ಮನೆಗಳಿವೆ.

ಇದಕ್ಕಿಂತ ದೊಡ್ಡದು ಹಾಲು - ಮಾಂಸದ ವಿಚಾರ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ನಿಯಮ ಅವರ ಧರ್ಮಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಅದನ್ನೇ ಹಿಡಿದು ಹಿರಿಯರು ಬೇಲಿ ದೂರ ದೂರ ಹಾಕುತ್ತಾ ಹೋದರು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಸೌಟು, ಚೂರಿ, ತಟ್ಟೆ ಬೇರೆ. ಅನುಕೂಲ ಇದ್ದವರ ಮನೆಯಲ್ಲಿ ತೊಳೆಯುವ ತೊಟ್ಟಿಯೂ ಬೇರೆ. ಮಾಂಸ ಉಂಡರೆ ಹಾಲು, ಮೊಸರು ಮುಟ್ಟಲು ಹೆಚ್ಚಿನವರು 6 ಗಂಟೆ ಕಾಯುತ್ತಾರೆ. ಜರ್ಮನಿ ಮೂಲದವರಲ್ಲಿ 3 ಗಂಟೆ, ಹಾಲೆಂಡ್ ಮೂಲದವರಲ್ಲಿ 1 ಗಂಟೆಯ ರೂಢಿ.

ಹಾಲೂ ಅಲ್ಲದ, ಮಾಂಸವೂ ಅಲ್ಲದ ಮೂರನೆಯ ಗುಂಪಿಗೆ ‘ಪಾರ್ವೆ’ ಎಂದು ಹೆಸರು. ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ, ಮೀನು ಇದರಲ್ಲಿ ಬರುತ್ತವೆ. ಎರಡರ ಜೊತೆಗೂ ಬಡಿಸಬಹುದು. ನಮ್ಮ ತೆಂಗು, ಕಾಳುಮೆಣಸು, ಅರಸಿನ, ಹಲಸು ಎಲ್ಲ ಇಲ್ಲಿಯವೇ.

ತೆಂಗಿಗೂ ಇದಕ್ಕೂ ಹಳೆಯ ನಂಟಿದೆ. ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲಿ ಯಹೂದಿಗಳು, ಕೊಚ್ಚಿಯ ಯಹೂದಿಗಳು ಮಾಂಸದ ಸಾರಿಗೆ ತೆಂಗಿನ ಹಾಲು ಹಾಕಿದರು. ಹಾಲಿನ ಸೊಗಸೂ ಸಿಕ್ಕಿತು, ಕಟ್ಟಳೆಯೂ ಉಳಿಯಿತು. ಈ ಬೆನೆ ಇಸ್ರಾಯೇಲಿಗಳ ಕುಲಕಸುಬೇ ಗಾಣ. ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು. ವಾರಕ್ಕೊಂದು ದಿನದ ಆದಾಯ ಬಿಟ್ಟು ಕಟ್ಟಳೆ ಪಾಲಿಸಿದ ಗಾಣಿಗರು ನಮ್ಮ ಕರಾವಳಿಯಲ್ಲೇ ಇದ್ದರು, ನೋಡಿ.

ಮುದ್ರೆ ಬಂದ ಬಗೆ

ಮನೆಯಲ್ಲೇ ಅಡಿಗೆ ಆಗುತ್ತಿದ್ದಾಗ ಮುದ್ರೆ ಬೇಕಿರಲಿಲ್ಲ. ಡಬ್ಬಿ ಆಹಾರ ಬಂದ ಮೇಲೆ ಒಳಗೆ ಏನಿದೆಯೆಂದು ಗೃಹಿಣಿಗೆ ಗೊತ್ತಾಗುವುದು ಹೇಗೆ? ಕೋಷರ್ ಹೆಸರಲ್ಲಿ ಬೇರೆ ಮಾಂಸ ಮಾರುವುದು ನ್ಯೂಯಾರ್ಕಿನಲ್ಲಿ ಎಷ್ಟು ಹೆಚ್ಚಿತೆಂದರೆ, 1915ರಲ್ಲಿ ಅಲ್ಲಿನ ಸರಕಾರ ಕಾನೂನೇ ಮಾಡಬೇಕಾಯ್ತು. ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಖಾಸಗಿ ಸಂಸ್ಥೆಗಳು. 1898ರಲ್ಲಿ ಹುಟ್ಟಿದ ಆರ್ಥೊಡಾಕ್ಸ್ ಯೂನಿಯನ್ 1923ರಲ್ಲಿ ಹೈನ್ಜ್ ಕಂಪೆನಿಯ ಬೀನ್ಸ್ ಡಬ್ಬಿಗೆ ತನ್ನ ಗುರುತು ಕೊಟ್ಟಿತು. ‘ಓ’ ಅಕ್ಷರದ ಒಳಗೊಂದು ‘ಯು’. ಇಂದು ಅದು 100ಕ್ಕೂ ಹೆಚ್ಚು ದೇಶಗಳ ಹತ್ತು ಲಕ್ಷಕ್ಕೂ ಮಿಕ್ಕಿದ ಉತ್ಪನ್ನಗಳ ಮೇಲೆ ಇದೆ. ಹಾಲಿನ ಅಂಶ ಇದ್ದರೆ ಪಕ್ಕದಲ್ಲಿ ‘ಡಿ’ ಎಂದು ಹಾಕುತ್ತಾರೆ.

ಒಂದು ಕಥೆ ಹೇಳಲೇಬೇಕು. 1935ರ ಸುಮಾರಿಗೆ ಅಮೆರಿಕದ ಅಟ್ಲಾಂಟಾದಲ್ಲಿ ಟೋಬಿಯಾಸ್ ಗೆಫನ್ ಎಂಬ ಧರ್ಮಗುರು ಇದ್ದರು. ಕೋಕಾಕೋಲಾ ಕುಡಿಯಬಹುದೇ ಎಂದು ಜನ ಅವರನ್ನು ಕೇಳತೊಡಗಿದರು. ಕಂಪೆನಿ ಗುಟ್ಟಾಗಿ ಇಟ್ಟಿದ್ದ ಪಟ್ಟಿಯನ್ನು ಅವರಿಗೆ ತೋರಿಸಿತು. ಅದರಲ್ಲಿ ತುಸುವೇ ತುಸು ಗ್ಲಿಸರಿನ್, ಅದೂ ಪ್ರಾಣಿಕೊಬ್ಬಿನದು. ಅಷ್ಟು ಸಣ್ಣ ಪ್ರಮಾಣವಾದರೂ ಗೊತ್ತಿದ್ದೂ ಬೆರೆಸಿದ್ದಕ್ಕೆ ಒಪ್ಪಿಗೆ ಇಲ್ಲ ಎಂದರು ಗುರುಗಳು. ಕಂಪೆನಿ ಹತ್ತಿಬೀಜ ಮತ್ತು ತೆಂಗಿನೆಣ್ಣೆಯ ಗ್ಲಿಸರಿನ್‌ಗೆ ಬದಲಾಯಿತು. ಅಷ್ಟು ದೊಡ್ಡ ಕಂಪೆನಿಯನ್ನು ಬಗ್ಗಿಸಿದ್ದು ಸರಕಾರವಲ್ಲ. ‘ನಾವು ಕುಡಿಯುವುದರಲ್ಲಿ ಏನಿದೆ?’ ಎಂದು ಪಟ್ಟು ಹಿಡಿದು ಕೇಳಿದ ಗಿರಾಕಿಗಳು.

ತಪಾಸಣೆಯವರು ನೋಡುವುದೇನು?

ಹಸಿ ಹಣ್ಣು, ತರಕಾರಿ, ಇಡೀ ಕಾಳುಮೆಣಸು ಸಹಜವಾಗಿಯೇ ಕೋಷರ್. ಅದಕ್ಕೆ ಸರ್ಟಿಫಿಕೇಟ್ ಬೇಕಿಲ್ಲ. ಸಂಸ್ಕರಣೆ ಶುರುವಾದಲ್ಲಿಂದ ಪ್ರಶ್ನೆ ಏಳುತ್ತದೆ. ಬ್ಯಾಡಗಿ ಮೆಣಸಿನ ಬಣ್ಣವನ್ನು ಓಲಿಯೊರೆಸಿನ್ ಮಾಡಿ, ನೀರಲ್ಲಿ ಕರಗಲೆಂದು ಇನ್ನೊಂದು ರಾಸಾಯನಿಕ ಸೇರಿಸಿದರೆ, ಆ ರಾಸಾಯನಿಕದ ಕೊಬ್ಬು ಗಿಡದ್ದೋ ಪ್ರಾಣಿಯದ್ದೋ? ಚೀಸಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯದೋ ಬೇರೆಯದೋ?

ನಮ್ಮ ಗರ್ಕಿನ್ ಮಿಡಿಸೌತೆ ನೋಡಿ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲೇ ಶುರುವಾದ 90 ದಿನದ ಬೆಳೆ. ಕೇಂದ್ರ ವಾಣಿಜ್ಯ ಇಲಾಖೆ 2022ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಸುಮಾರು 90,000 ಸಣ್ಣ ರೈತರು 65,000 ಎಕ್ರೆಯಲ್ಲಿ ಒಪ್ಪಂದದ ಮೇಲೆ ಇದನ್ನು ಬೆಳೆಯುತ್ತಾರೆ. ಮಿಡಿಯಲ್ಲಿ ತಕರಾರಿಲ್ಲ. ಅದನ್ನು ಮುಳುಗಿಸುವ ವಿನೆಗರಿನಲ್ಲಿದೆ. ದ್ರಾಕ್ಷಿ ವೈನಿನಿಂದ ತಯಾರಾದ ವಿನೆಗರ್ ಆದರೆ, ಆ ವೈನೇ ಕೋಷರ್ ಆಗಿರಬೇಕು.

ಇನ್ನು ಪಾತ್ರೆ. ಬಿಸಿಯಲ್ಲಿ ಬೆಂದದ್ದರ ರುಚಿಯನ್ನು ಪಾತ್ರೆ ಹೀರುತ್ತದೆ ಎಂಬುದು ಅವರ ಲೆಕ್ಕ. ಸಾಬೂನಿನಲ್ಲಿ ತೊಳೆದರೆ ಮುಗಿಯಿತು ಎಂದಿಲ್ಲ. ಲೋಹದ ಹಂಡೆಯಾದರೆ ಚೆನ್ನಾಗಿ ಉಜ್ಜಿ, 24 ಗಂಟೆ ಬಳಸದೆ ಇಟ್ಟು, ಕುದಿನೀರಿನಲ್ಲಿ ಶುದ್ಧ ಮಾಡಬೇಕು. ನೇರ ಬೆಂಕಿಯಲ್ಲಿ ಬಳಸಿದ್ದನ್ನು ಬೆಂಕಿಯಲ್ಲೇ ಕಾಯಿಸಬೇಕು. ಮಣ್ಣಿನ ಮಡಕೆಗೆ ಪರಿಹಾರವೇ ಇಲ್ಲ. ಕಾರ್ಖಾನೆಯಲ್ಲಿ ಒಂದೇ ಬಾಯ್ಲರಿನ ಹಬೆ ಹಾಲಿನ ಕಡೆಗೂ ಎಣ್ಣೆಯ ಕಡೆಗೂ ತಿರುಗಿ ಬರುತ್ತಿದ್ದರೆ ಅದನ್ನೂ ಕೇಳುತ್ತಾರೆ. ಹೇಳದೆ ಕೇಳದೆ ಬಂದು ನೋಡುವುದೂ ಉಂಟು.

ಮೋಸ ಹೋಗಬೇಡಿ

ಇಲ್ಲಿ ನಮ್ಮ ರೈತರಿಗೆ ಒಂದು ಎಚ್ಚರಿಕೆ. ಮುದ್ರೆ ಇದ್ದರೆ ದರ ಹೆಚ್ಚು ಸಿಗುತ್ತದೆಂದು ಯಾರಾದರೂ ಏಜೆಂಟು ಬಂದು ಹಣ ಕೇಳಿದರೆ ಕೊಡಬೇಡಿ. ಕೊಳ್ಳುವವರು ಲಿಖಿತವಾಗಿ ಕೇಳಿದ ಮೇಲೆ, ಯಾವ ಸಂಸ್ಥೆಯದ್ದು ಬೇಕೆಂದು ತಿಳಿದು, ವರ್ಷವರ್ಷದ ಖರ್ಚು ಲೆಕ್ಕ ಹಾಕಿ ಮುಂದುವರಿಯಿರಿ.

ಕೋಷರ್ ಅಂದರೆ ಸಾವಯವ ಅಲ್ಲ. ತೋಟಕ್ಕೆ ಏನು ಸಿಂಪಡಿಸಿದಿರಿ ಎಂಬುದು ಆ ಮುದ್ರೆಯ ವ್ಯಾಪ್ತಿಗೆ ಬರುವುದಿಲ್ಲ. ಹಾಲು ಒಗ್ಗದವರಿಗೆ ಅದು ಪೂರ್ತಿ ರಕ್ಷಣೆಯೂ ಅಲ್ಲ. ಅಕಸ್ಮಾತ್ ಬೆರೆತದ್ದು 60ರಲ್ಲಿ 1 ಪಾಲಿಗಿಂತ ಕಡಿಮೆ ಇದ್ದರೆ ಅವರ ಶಾಸ್ತ್ರದಲ್ಲಿ ಬಹಳಷ್ಟು ಸಂದರ್ಭಗಳಲ್ಲಿ ಅದು ಲೆಕ್ಕಕ್ಕಿಲ್ಲ. ಅಲರ್ಜಿ ಇದ್ದವನಿಗೆ ಅಷ್ಟೇ ಸಾಕು, ಆಸ್ಪತ್ರೆ ಸೇರಲು.

ನಮ್ಮ ಪ್ಯಾಕೆಟ್ಟುಗಳ ಮೇಲಿನ ಹಸಿರು ಚುಕ್ಕಿಗೂ ಇದಕ್ಕೂ ವ್ಯತ್ಯಾಸ ಇದೆ. ಹಸಿರು ಚುಕ್ಕಿಯಲ್ಲಿ ಹಾಲು ನಡೆಯುತ್ತದೆ, ಪಾರ್ವೆಯಲ್ಲಿ ನಡೆಯದು. ಹಸಿರು ಚುಕ್ಕಿಯನ್ನು ತಯಾರಕನೇ ಹಾಕಿಕೊಳ್ಳುತ್ತಾನೆ. ಕೋಷರ್ ಮುದ್ರೆಯನ್ನು ಹೊರಗಿನವರು ಬಂದು ನೋಡಿಯೇ ಕೊಡಬೇಕು.

ಕಣ್ಣಿಗೆ ಬೀಳದೆ ಹೋದದ್ದು

ಹಾಗಂತ ಎಲ್ಲ ಸರಿಯಿದೆ ಎನ್ನಲಾರೆ. ವೈನಿನ ವಿಷಯದಲ್ಲಿ, ಯಾರು ಮುಟ್ಟಿದರು ಎಂಬುದನ್ನೂ ಅವರು ನೋಡುತ್ತಾರೆ. ಮಡಿಯ ಹೆಸರಲ್ಲಿ ಮನುಷ್ಯರನ್ನು ದೂರ ಇಟ್ಟ ಊರಿನವರು ನಾವು. ಅಂಥ ನಿಯಮ ಎಲ್ಲಿದ್ದರೂ ನನಗೆ ಹಿಡಿಸುವುದಿಲ್ಲ. ಪಾತ್ರೆ ಬೇರೆ ಮಾಡುವುದು ಒಂದು, ಮನುಷ್ಯರನ್ನು ಬೇರೆ ಮಾಡುವುದು ಇನ್ನೊಂದು.

ಇನ್ನೂ ದೊಡ್ಡ ಪಾಠ ಅಮೆರಿಕದ ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನದ್ದು. ಅಲ್ಲಿನ ಕೋಷರ್ ಮಾಂಸದ ಕಾರ್ಖಾನೆ ಆ ದೇಶದಲ್ಲೇ ಅತಿ ದೊಡ್ಡದಾಗಿತ್ತು. 2008ರ ಮೇ 12ರಂದು ಸರಕಾರ ದಾಳಿ ಮಾಡಿ, ಸರಿಯಾದ ಕಾಗದಪತ್ರ ಇಲ್ಲದ 389 ಕೆಲಸಗಾರರನ್ನು ಹಿಡಿಯಿತು. ಹದಿನೆಂಟು ತುಂಬದ ಹುಡುಗರೂ ಒಳಗೆ ದುಡಿಯುತ್ತಿದ್ದ ಸಂಗತಿ ಹೊರಬಿತ್ತು. ಚೂರಿಯ ಅಲಗು ಪರೀಕ್ಷಿಸುವವರು, ಪ್ರಾಣಿಯ ಶ್ವಾಸಕೋಶ ಮುಟ್ಟಿ ನೋಡುವವರು ದಿನವೂ ಅಲ್ಲಿದ್ದರು. ಚೂರಿ ಹಿಡಿದವರ ಪಾಡು ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೂಲಿಕಾರನನ್ನು ನೋಯಿಸಿ ಮಾಡಿದ್ದು ‘ತಕ್ಕದ್ದು’ ಹೇಗೆ ಆದೀತೆಂದು ಯಹೂದಿಗಳಲ್ಲೇ ಒಂದು ಪಂಗಡ ಕೇಳಿತು. ಕೂಲಿ, ಸುರಕ್ಷೆ, ಪರಿಸರವನ್ನೂ ನೋಡುವ ಇನ್ನೊಂದು ಮುದ್ರೆ ಬೇಕೆಂದು ಪ್ರಯತ್ನ ನಡೆಸಿತು.

ಈ ಪ್ರಶ್ನೆ ಅವರ ಹಳೆಯ ಕಟ್ಟಳೆಗೆ ಹೊರಗಿನದೂ ಅಲ್ಲ. ಗಿಡ ನೆಟ್ಟು ಮೊದಲ 3 ವರ್ಷದ ಫಲ ತಿನ್ನಬಾರದು ಎನ್ನುತ್ತದೆ ಅದು. ಇಸ್ರೇಲಿನ ನೆಲವನ್ನು 7 ವರ್ಷಕ್ಕೊಮ್ಮೆ ಪಾಳು ಬಿಡಬೇಕು, ಆಗ ತಾನಾಗಿ ಬೆಳೆದದ್ದು ಬಡವರಿಗೂ ಸೇರಬೇಕು ಎನ್ನುತ್ತದೆ. ಅಂಥ ವರ್ಷ ಕಳೆದ ಬಾರಿ ಬಂದದ್ದು 2021-22ರಲ್ಲಿ. ನಿಭಾಯಿಸಲಾಗದ ರೈತರು ಹೊಲವನ್ನು ಆ ಮಟ್ಟಿಗೆ ಬೇರೆ ಧರ್ಮದವರಿಗೆ ಮಾರಿದಂತೆ ಕಾಗದ ಮಾಡಿಕೊಳ್ಳುತ್ತಾರೆ. ರೈತನ ಕಷ್ಟ ಎಲ್ಲಾ ಕಡೆ ಒಂದೇ ಅಲ್ವಾ?

ನನ್ನ ಅಭಿಪ್ರಾಯ

ಯಾರದೋ ದೇವರ ಕಟ್ಟಳೆ ನಮಗ್ಯಾಕೆ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ. ಅದನ್ನು ಯಾರೂ ನಮಗೆ ಪಾಲಿಸಲು ಹೇಳುತ್ತಿಲ್ಲ. ಉಣ್ಣುವವನಿಗೆ ತಾನು ಉಣ್ಣುವುದು ಏನೆಂದು ತಿಳಿಯುವ ಹಕ್ಕಿದೆ. ಅವನು ಯಹೂದಿ ಇರಬಹುದು, ಮುಸ್ಲಿಂ ಇರಬಹುದು, ಗೆಡ್ಡೆ ತಿನ್ನದ ಜೈನ ಇರಬಹುದು, ಸಿಗಡಿ ಒಗ್ಗದ ನಮ್ಮ ಪಕ್ಕದ ಮನೆಯ ಮಗುವೂ ಇರಬಹುದು. ಕಾರಣ ಅವನದ್ದು. ನಿಜ ಹೇಳುವ ಹೊಣೆ ನಮ್ಮದು.

ಸಣ್ಣ ಘಟಕಗಳವರು ಸರ್ಟಿಫಿಕೇಟ್ ಇಲ್ಲದೆಯೂ ಮೂರು ಕೆಲಸ ನಾಳೆಯಿಂದಲೇ ಮಾಡಬಹುದು. ಒಂದು, ಯಂತ್ರದ ಪಕ್ಕ ಒಂದು ಪುಸ್ತಕ ತೂಗು ಹಾಕಿ. ಯಾವ ದಿನ ಏನು ಒಣಗಿಸಿದಿರಿ, ಯಾರಿಗೆ ಬಾಡಿಗೆ ಕೊಟ್ಟಿರಿ, ಹೇಗೆ ತೊಳೆದಿರಿ ಎಂದು ಬರೆದಿಡಿ. ಎರಡು, ಬೆರೆಯಬಾರದ್ದಕ್ಕೆ ಟ್ರೇ, ಜರಡಿ, ಬಟ್ಟೆ ಬೇರೆ ಇಡಿ. ಬಣ್ಣ ಬಳಿದು ಗುರುತು ಮಾಡಿ. ಮೂರು, ಪಕ್ಕದ ಊರಿನ ಗುಂಪಿನವರು ಹೇಳದೆ ಬಂದು ನಿಮ್ಮದನ್ನು ನೋಡಲಿ, ನೀವು ಅವರದ್ದನ್ನು ನೋಡಿ. ಆ ಪುಸ್ತಕದಲ್ಲೇ ಕೆಲಸದವರ ಹೆಸರು, ಗಂಟೆ, ಕೂಲಿಗೂ ಒಂದು ಪುಟ ಇರಲಿ. ಪೋಸ್ಟ್‌ವಿಲ್ಲಿನಲ್ಲಿ ಇಲ್ಲದೆ ಹೋದದ್ದು ಆ ಪುಟವೇ.

ನಮ್ಮ ಘಟಕದ ಕಥೆ ಏನಾಯ್ತು ಎಂದು ಕೇಳುತ್ತೀರಿ. ಸಿಗಡಿ ಒಣಗಿಸಿದ್ದೇವೆ ಎಂದು ಬರೆದು ಕಳಿಸಿದೆವು. ಆ ವರ್ಷದ ಆರ್ಡರು ಕೈತಪ್ಪಿತು. ನಮ್ಮಲ್ಲಿ ಇಬ್ಬರು ನನ್ನ ಮೇಲೆ ಇನ್ನೂ ಮುನಿಸಿಕೊಂಡೇ ಇದ್ದಾರೆ. ಅವರ ಪಾಲಿನ ನಷ್ಟ ನನ್ನ ಪಾಲಿನಷ್ಟೇ, ಮುನಿಸು ತಪ್ಪೆನ್ನಲಾರೆ. ಆದರೆ ವ್ಯಾಪಾರಿ ಸಂಬಂಧ ಕಡಿದುಕೊಳ್ಳಲಿಲ್ಲ. “ಬೇರೆ ಡ್ರೈಯರ್ ಆದಾಗ ತಿಳಿಸಿ, ಒಂದು ಹಂಗಾಮಿನ ಪುಸ್ತಕ ತೋರಿಸಿ” ಎಂದಿದ್ದಾರೆ. ಬಾಡಿಗೆಗೆಂದೇ ಒಂದು ಸಣ್ಣ ಡ್ರೈಯರಿಗೆ ಈಗ ಹಣ ಹೊಂದಿಸುತ್ತಿದ್ದೇವೆ. ಹಳೆಯದರ ಪಕ್ಕ ಪುಸ್ತಕ ತೂಗುತ್ತಿದೆ. ಈ ಕಡೆ ಬಂದಾಗ ತೆರೆದು ನೋಡಿ, ಹೇಳಿ ಬರಬೇಕಾಗಿಲ್ಲ.