ಅಜ್ಜ ಯಾಕೆ ಸ್ನಾನ ಮಾಡುವುದಿಲ್ಲ?

“ವಯಸ್ಸಾಯಿತು, ಸೋಮಾರಿತನ” ಎಂದು ಮನೆಯವರು ಹೇಳಿಬಿಡುತ್ತಾರೆ. ವಾರವಾದರೂ ಬಟ್ಟೆ ಬದಲಾಗುವುದಿಲ್ಲ, ಉಗುರು ಬೆಳೆದು ಚಪ್ಪಲಿ ಹಾಕಲಾಗುವುದಿಲ್ಲ, ಗಂಜಿ ಮುಚ್ಚಿಟ್ಟಲ್ಲೇ ಹುಳಿಯುತ್ತದೆ, ಮಾತ್ರೆಗಳು ತಲೆದಿಂಬಿನ ಅಡಿಯಲ್ಲಿ ಹಾಗೆಯೇ ಉಳಿದಿವೆ. ರೋಗಿಗಳಿಗೆ ಪರಮಪ್ರಸಾದ ಒಯ್ಯುವ ನಮಗೆ ಕಾಸರಗೋಡಿನ ಕಡೆಯ ಇಂಥ ಕೋಣೆಗಳ ಪರಿಚಯವಿದೆ. ಗಲ್ಫಿನಿಂದ ತಿಂಗಳು ತಿಂಗಳು ಹಣ ಬರುವ ಮನೆಗಳಲ್ಲಿಯೂ ಇವು ಇವೆ.

ಬಡತನವೇ ಇದಕ್ಕೆ ಕಾರಣವಲ್ಲ. 1975ರಲ್ಲಿ ಇಂಗ್ಲೆಂಡಿನ ವೈದ್ಯರು, ಹೀಗೆ ತಮ್ಮನ್ನು ತಾವೇ ಕಡೆಗಣಿಸಿಕೊಂಡು ಕೊನೆಗೆ ಆಸ್ಪತ್ರೆ ಸೇರಿದ 30 ವೃದ್ಧರ ಬಗ್ಗೆ ಬರೆದರು. ಇಬ್ಬರನ್ನು ಬಿಟ್ಟರೆ ಎಲ್ಲರೂ ಒಂಟಿ. ಅರ್ಧದಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಕಾಣಲಿಲ್ಲ, ಅವರು ಬುದ್ಧಿವಂತರೇ. ಮೂರರಲ್ಲಿ ಒಂದು ಪಾಲು ಜನ ನೆರವು ಬೇಡವೆಂದೇ ಹಟ ಹಿಡಿದಿದ್ದರು. ವೈದ್ಯರು ಈ ಸ್ಥಿತಿಗೆ ಗ್ರೀಕ್ ಜ್ಞಾನಿ ಡಯೋಜಿನಿಸನ ಹೆಸರಿಟ್ಟರು. ಪಾಪ, ಅವನು ಬೇಕೆಂದೇ ಏನೂ ಇಲ್ಲದೆ ಬದುಕಿದವನು. ಆ ಹೆಸರು ಅಷ್ಟು ಹೊಂದುವುದಿಲ್ಲ.

ನಮ್ಮ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ದೇಹವನ್ನು. ಸ್ನಾನವೆಂದರೆ ನಮಗೆ ಒಂದೇ ಕೆಲಸ. ಆದರೆ ನೀರು ಕಾಯಿಸಬೇಕು, ಬಟ್ಟೆ ಹುಡುಕಬೇಕು, ಬಚ್ಚಲಿನ ಮೆಟ್ಟಿಲು ಇಳಿಯಬೇಕು. ಇದನ್ನೆಲ್ಲ ಸಾಲಾಗಿ ಜೋಡಿಸಿ ಆರಂಭಿಸುವ ಶಕ್ತಿ ಮುಖ್ಯವಾಗಿ ಮೆದುಳಿನ ಮುಂಭಾಗದ್ದು. ಅದು ಸೋತಾಗಲೂ ಮಾತು ಚೆನ್ನಾಗಿಯೇ ಇರಬಹುದು. ಹಾಗಾಗಿ ಬಂದವರಿಗೆ ಅಜ್ಜ ಗಟ್ಟಿಯಾಗಿದ್ದಾರೆಂದೇ ಅನಿಸುತ್ತದೆ. ಮರೆವಿನ ಕಾಯಿಲೆ, ಮನಸ್ಸಿನ ಖಿನ್ನತೆ, ಥೈರಾಯ್ಡ್, ಬಿ12 ಕೊರತೆ, ಕಣ್ಣಿನ ಪೊರೆ, ಮಂಡಿನೋವು, ಕುಡಿತ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಹಲವಕ್ಕೆ ಚಿಕಿತ್ಸೆಯಿದೆ. ಕೆಲವರಿಗೆ ಬಚ್ಚಲಲ್ಲಿ ಜಾರಿ ಬೀಳುವ ಹೆದರಿಕೆ ಮಾತ್ರ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ರಜೆಗೆ ಬಂದ ಮಗ ಒಂದೇ ದಿನದಲ್ಲಿ ಕೋಣೆ ಖಾಲಿ ಮಾಡಿ ಹಳೆಯ ಡಬ್ಬ, ಪೇಪರುಗಳನ್ನೆಲ್ಲ ಸುಟ್ಟುಬಿಡುತ್ತಾನೆ. ಪ್ರೀತಿಯಿಂದಲೇ ಮಾಡಿದ್ದು, ನಿಜ. ಆದರೆ ಮರುದಿನದಿಂದ ಅಜ್ಜ ಒಳಗಿನಿಂದ ಚಿಲಕ ಹಾಕಿಕೊಂಡರೆ ಮುಂದೆ ಯಾರು ಒಳಗೆ ಹೋಗುವುದು?

ತಿಳಿದೂ ಬೇಡವೆನ್ನುವ ಹಕ್ಕು ಅವರಿಗಿದೆ. ಬೇಡವೆಂದರೆ ಏನಾಗುವುದೆಂದು ತಿಳಿಯದೇ ಬೇಡವೆನ್ನುವುದು ಬೇರೆ. ಈ ವ್ಯತ್ಯಾಸವನ್ನು ವೈದ್ಯರು ನೋಡಿ ಹೇಳಬೇಕು, ಸೊಸೆಯಲ್ಲ. 2007ರ ಹಿರಿಯ ನಾಗರಿಕರ ಕಾನೂನು ನೋಡಿಕೊಳ್ಳದ ಮಕ್ಕಳನ್ನು ಕೇಳುತ್ತದೆ. ತಮ್ಮನ್ನೇ ನೋಡಿಕೊಳ್ಳದವರಿಗೆ ಅದರಲ್ಲಿ ದಾರಿ ಕಡಿಮೆ. ಆಶಾ ಕಾರ್ಯಕರ್ತೆಗೆ, ಪಂಚಾಯತಿನ ಪಾಲಿಯೇಟಿವ್ ನರ್ಸ್‌ಗೆ ತಿಳಿಸಿ. 14567 ಹಿರಿಯರ ಸಹಾಯವಾಣಿ. ಅಷ್ಟರಲ್ಲಿ ನಿಮ್ಮಿಂದ ಆಗುವುದೂ ಇದೆ: ಬಿಸಿನೀರು, ಒಂದು ಸ್ಟೂಲು, ಉಗುರು ಕತ್ತರಿ. ಇಂದು ಉಗುರಿಗೆ ಮಾತ್ರ ಒಪ್ಪಿದರೆ ಇಂದಿಗೆ ಅಷ್ಟು ಸಾಕು, ತಲೆಸ್ನಾನ ಮುಂದಿನ ವಾರ ಕೇಳಿ.